ನೆಲಕ್ಕೆ ತಾಗಿದ ಅಂಚು

ಮಾರ್ಚ್ 3, ಸೋಮವಾರ

ಕೂಲಿ ಹೆಚ್ಚಿದೆಯಂತೆ. ಸರ್ಕಾರದ ಆದೇಶವನ್ನು ಇವತ್ತು ಲಾಂಡ್ರಿಯ ಬಾಗಿಲಿಗೆ ಅಂಟಿಸಿದರು. ಇನ್ನು ಮುಂದೆ ಯಾರಿಗೂ ಗಂಟೆಗೆ ಇದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಪಟಾಕಿ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು, ಉಳಿದವರು ಚಪ್ಪಾಳೆ ತಟ್ಟಿದರು. ಬಾಯಿ ಮುಚ್ಚಿದರೆ ಉಸಿರು ನಿಂತೀತು ಅನ್ನುವ ಹಾಗೆ ಮಾತಾಡುವುದರಿಂದ ಅವಳಿಗೆ ಆ ಹೆಸರು. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿಲ್ಲ.

ನಾನು ಚಪ್ಪಾಳೆ ತಟ್ಟಲಿಲ್ಲ. ಆ ಕಾಗದದಲ್ಲಿ ಬರೆದಿರುವ ಕನಿಷ್ಠ ಕೂಲಿ ಎಷ್ಟೋ, ಇಪ್ಪತ್ತೆರಡು ವರ್ಷ ಬೆನ್ನು ಬಗ್ಗಿಸಿದ ಮೇಲೆ ನನಗೆ ಸಿಗುತ್ತಿರುವುದೂ ಅಷ್ಟೇ. ಮಡಿಸುವ ಮೇಜಿನ ಮುಖ್ಯಸ್ಥೆ ನಾನು. ನಿನ್ನೆಯವರೆಗೆ ಉಳಿದವರಿಗಿಂತ ನನ್ನ ಸಂಬಳ ಒಂದು ಗೇಣು ಮೇಲಿತ್ತು. ಇವತ್ತು ಬೆಳಿಗ್ಗೆ ಎದ್ದು ಬರುವಷ್ಟರಲ್ಲಿ ಎಲ್ಲರನ್ನೂ ಎತ್ತಿ ನನ್ನ ಪಕ್ಕದಲ್ಲಿ ಕೂರಿಸಿದ್ದಾರೆ. ನನ್ನನ್ನು ಮಾತ್ರ ಯಾರೂ ಎತ್ತಲಿಲ್ಲ.

ಸಣ್ಣ ಯಜಮಾನರ ಕೋಣೆಗೆ ಹೋಗಿ ಕೇಳಿದೆ. ಅಪ್ಪನಿಂದ ಲಾಂಡ್ರಿ ಬಂದಿದ್ದರಿಂದ ಅವರು ಸಣ್ಣ ಯಜಮಾನರು. ಮಾತು ಬೆಣ್ಣೆ.

"ನಂದೂ ಅಷ್ಟು ಮೇಲೆ ಹೋಗ್ಬೇಕಲ್ವಾ ಸಾರ್?"

"ಆದೇಶದಲ್ಲಿ ಹಾಗೇನೂ ಬರೆದಿಲ್ವಲ್ಲ ಅಕ್ಕಾ," ಎಂದು ನಕ್ಕರು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಮ್ಮ ಮೇಜಿನಲ್ಲೇ ದುಡಿಯುವ ನನ್ನ ತಮ್ಮನ ಹೆಂಡತಿ. ಅದನ್ನು ಮರೆಯುವುದಿಲ್ಲ.

ಮಾರ್ಚ್ 5, ಬುಧವಾರ

ಇವತ್ತಿನದನ್ನು ಬರೆಯದಿದ್ದರೆ ನಿದ್ದೆ ಬಾರದು. ತಮ್ಮನ ಹೆಂಡತಿ ನನ್ನ ಬಳಿ ಬಂದು, ಇನ್ನು ಮುಂದೆ ವಾರಕ್ಕೆ ಒಂದು ದಿನದ ಕೆಲಸ ಕಡಿಮೆ ಹಾಕಿ ಎಂದಳು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು, ಮೈ ಉರಿಯಿತು. ನನ್ನ ತಮ್ಮ ಬಣ್ಣ ಬಳಿಯುವವನು. ಎರಡು ವರ್ಷದ ಹಿಂದೆ ಏಣಿಯಿಂದ ಬಿದ್ದು ಬೆನ್ನು ಹಿಡಿದುಕೊಂಡು ಮನೆಯಲ್ಲಿ ಕೂತಿದ್ದಾನೆ. ಅಂಥ ಮನೆಗೆ ಸರ್ಕಾರದ ಸಹಾಯಧನ ಬರುತ್ತದೆ. ಹೆಂಡತಿಯ ದುಡಿಮೆ ಒಂದು ಮಿತಿ ದಾಟಿದರೆ ಅದು ನಿಲ್ಲುತ್ತದೆ. ಕೂಲಿ ಏರಿತಲ್ಲ, ಈಗ ದಾಟುತ್ತದಂತೆ.

"ಕೂಲಿ ಹೆಚ್ಚಾಯ್ತು ಅಂತ ಕುಣಿದೆ. ಈಗ ಕೆಲಸ ಕಮ್ಮಿ ಮಾಡಿ ಅಂತೀಯಲ್ಲ, ನಾಚಿಕೆ ಆಗಲ್ವಾ?"

"ಮಿತಿ ದಾಟಿದ್ರೆ ಅವರ ಔಷಧಿ, ಡಾಕ್ಟ್ರು ಎಲ್ಲಾ ನನ್ನ ತಲೆ ಮೇಲೆ ಬರುತ್ತೆ ಅತ್ತಿಗೆ. ಜಾಸ್ತಿ ದುಡಿದು ಕಮ್ಮಿ ಉಣ್ಣೋಕೆ ನನಗೇನು ತಲೆ ಕೆಟ್ಟಿದ್ಯಾ?"

"ನಿನ್ನ ಗಂಡನಿಗೆ ಕೈಕಾಲು ಗಟ್ಟಿಯಾಗಿದೆ. ಕೂತು ತಿನ್ನೋಕೆ ಕಲಿತರೆ ಅದೇ ಅಭ್ಯಾಸ ಆಗಿಬಿಡುತ್ತೆ."

"ನನ್ನ ಗಂಡ ಆಗೋಕೆ ಮುಂಚೆ ನಿಮ್ಮ ತಮ್ಮ ಅವರು," ಎಂದು ಹೇಳಿ ಮೇಜಿನ ಆ ತುದಿಗೆ ಹೋದಳು.

ನನ್ನ ಮನೆಯವರು ತೀರಿಕೊಂಡಾಗ ನನಗೂ ಸಹಾಯಧನ ಕೊಡುತ್ತೇವೆ ಎಂದು ಸರ್ಕಾರದವರು ಬಂದಿದ್ದರು. ಬಾಗಿಲಲ್ಲೇ ನಿಲ್ಲಿಸಿ ಕಳಿಸಿದೆ. ಹದಿನೈದನೇ ದಿನ ಕೆಲಸಕ್ಕೆ ಹೋದೆ. ಇವತ್ತಿಗೂ ನನ್ನ ಮನೆಯಲ್ಲಿ ಇನ್ನೊಬ್ಬರು ಕೊಟ್ಟ ಒಂದು ಚಮಚ ಇಲ್ಲ. ಇದನ್ನು ಅವಳ ಮುಖಕ್ಕೆ ಹೇಳಬೇಕಿತ್ತು, ಆಗ ಹೊಳೆಯಲಿಲ್ಲ.

ಮಾರ್ಚ್ 10, ಸೋಮವಾರ

ದಾರಿ ಸಿಕ್ಕಿತು.

ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಒಗೆದು ಒಣಗಿ ನಮ್ಮ ಮೇಜಿಗೆ ಬರುತ್ತವೆ. ಅವು ಎಷ್ಟು ದೊಡ್ಡವೆಂದರೆ ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು ಒದರಬೇಕು. ಆಮೇಲೆ ಒಬ್ಬಳು ನಡೆದು ಬಂದು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಕೆಳಗೆ ಜೋತುಬಿದ್ದ ಮಡಿಕೆಯನ್ನು ಎತ್ತಿಕೊಂಡು ಹಿಂದೆ ಸರಿಯುತ್ತಾಳೆ. ನಿಂತವಳು ಅಷ್ಟೂ ಹೊತ್ತು ಕೈ ಮೇಲೆತ್ತಿ ಹಿಡಿದಿರಬೇಕು. ಕೈ ಇಳಿಯಿತೋ, ಅಂಚು ನೆಲಕ್ಕೆ ತಾಗಿತು. ನೆಲಕ್ಕೆ ತಾಗಿದ್ದನ್ನು ಆಸ್ಪತ್ರೆಯವರು ಮುಟ್ಟುವುದಿಲ್ಲ. ಮೇಜಿನ ಮುಖ್ಯಸ್ಥೆ ನಿಲ್ಲುವುದು, ಉಳಿದವರು ಅವಳ ಬಳಿಗೆ ನಡೆದು ಬರುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ನಾನು ನಿಲ್ಲುವವಳು.

ಇದರಲ್ಲಿ ಒಂದು ಕಳ್ಳದಾರಿ ಇದೆ. ಇಬ್ಬರು ಸೇರಿ ಮಾಡಿದ್ದರಲ್ಲಿ ಯಾರು ಬೆವರು ಸುರಿಸಿದರು, ಯಾರು ಸುಮ್ಮನೆ ತುದಿ ಹಿಡಿದು ನಿಂತರು ಎಂದು ಯಾರಿಗೆ ಗೊತ್ತಾಗುತ್ತದೆ? ಸಣ್ಣ ಯಜಮಾನರಿಗೆ ಹೇಳಿದೆ: ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಬಟ್ಟೆಪಟ್ಟಿ ಕೊಡಿ. ತಾನು ಮಡಿಸಿದ್ದರ ಕೊನೆಯ ಮಡಿಕೆಯಲ್ಲಿ ತನ್ನ ಪಟ್ಟಿ ಇಡಲಿ. ಯಾರದೆಷ್ಟು ಎಂದು ಸಂಜೆಗೆ ಕಾಣುತ್ತದೆ. ಪಟ್ಟಿ ಹಾಗೇ ಆಸ್ಪತ್ರೆಗೆ ಹೋಗಲಿ, ದೂರು ಬಂದರೆ ಯಾರ ಕೈಕೆಲಸ ಎಂದೂ ತಿಳಿಯಲಿ.

ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಅಕ್ಕಾ, ನಿಮ್ಮನ್ನ ಬರೀ ಈ ಮೇಜಿಗೆ ಯಾಕೆ ಇಟ್ಕೊಂಡಿದ್ದೀನೋ," ಎಂದರು. ಹೆಚ್ಚು ಮಡಿಸಿದವರಿಗೆ ಕೂಲಿಯ ಮೇಲೆ ಒಂದಿಷ್ಟು. ಕಡಿಮೆ ಮಡಿಸಿದವರು ಮುಂದಿನ ತಿಂಗಳ ಕೊನೆಗೆ ಮನೆಗೆ. "ಕಮ್ಮಿ ಕೂಲಿ ಕೊಡಬೇಡಿ ಅಂತ ಆದೇಶ ಇದೆ. ಕಮ್ಮಿ ಜನ ಇಟ್ಕೋಬೇಡಿ ಅಂತ ಎಲ್ಲೂ ಇಲ್ವಲ್ಲ."

ಅವರವರ ಕೈ, ಅವರವರ ಕೂಲಿ, ಎಂದು ಹೇಳಿ ಬಂದೆ. ಸಹಾಯಧನದ ಮಹಾರಾಣಿ ಈಗ ಸಿಕ್ಕಿಬೀಳುತ್ತಾಳೆ.

ಮಾರ್ಚ್ 14, ಶುಕ್ರವಾರ

ಪಟ್ಟಿ ಬಂತು. ನನ್ನದು ನೀಲಿ. ಪಟಾಕಿಯದು ಕೆಂಪು. ಉದ್ದಕ್ಕನದು ಹಸಿರು, ಅವಳು ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ತಮ್ಮನ ಹೆಂಡತಿಯದು ಹಳದಿ.

ಮೇಜಿನಲ್ಲಿ ಮಾತು ನಿಂತಿದೆ. ಪಟಾಕಿ ಕೂಡ ಟುಸ್ ಆಗಿದ್ದಾಳೆ. ಒಬ್ಬರ ತುದಿ ಇನ್ನೊಬ್ಬರು ಹಿಡಿದರೆ ಪಟ್ಟಿ ಯಾರದು ಎಂದು ಜಗಳ ಬಂದಿದ್ದರಿಂದ, ಈಗ ಎಲ್ಲರೂ ಒಬ್ಬೊಬ್ಬರೇ ಮಡಿಸಲು ಕಲಿಯುತ್ತಿದ್ದಾರೆ. ಬಟ್ಟೆಯನ್ನು ಗದ್ದದಡಿ ಒತ್ತಿಕೊಂಡು, ಹೊಟ್ಟೆಯನ್ನು ಮೇಜಿಗೆ ಆನಿಸಿಕೊಂಡು ಒದ್ದಾಟ. ಉದ್ದಕ್ಕನಿಗೆ ದೇವರು ಕೊಟ್ಟ ಕೈ, ಅವಳು ಒಬ್ಬಳೇ ಸಲೀಸಾಗಿ ಮಡಿಸುತ್ತಾಳೆ. ಉಳಿದವರನ್ನು ನೋಡಿ ನನಗೆ ಒಳಗೊಳಗೇ ನಗು. ಶುರುವಿನಲ್ಲಿ ಎಲ್ಲವೂ ಕಷ್ಟವೇ.

ಅವರು ನನ್ನನ್ನು ಹಿಂದಿನಿಂದ ಇಸ್ತ್ರಿಪೆಟ್ಟಿಗೆ ಎನ್ನುತ್ತಾರೆಂದು ಗೊತ್ತು. ಅನ್ನಲಿ. ಬಿಸಿಯಾಗಿದ್ದರೆ ತಾನೇ ಅದು ಕೆಲಸಕ್ಕೆ ಬರುವುದು.

ಮಾರ್ಚ್ 19, ಬುಧವಾರ

ನನ್ನ ನೀಲಿ ಎಲ್ಲರಿಗಿಂತ ಕಡಿಮೆ.

ಆಗದೆ ಏನು? ಬೆಳಿಗ್ಗೆ ಬಂದ ಕೂಡಲೇ ಗಂಟು ಬಿಚ್ಚಿಸಬೇಕು, ಒದ್ದೆ ಉಳಿದದ್ದನ್ನು ಹಿಂದಕ್ಕೆ ಕಳಿಸಬೇಕು, ಹರಿದದ್ದನ್ನು ಬೇರೆ ಹಾಕಬೇಕು, ಗಾಡಿಗೆ ಏರಿಸಬೇಕು. ಅದನ್ನೆಲ್ಲ ಮಾಡುವವಳು ನಾನು. ಅದಕ್ಕೆ ಪಟ್ಟಿ ಎಲ್ಲಿ ಇಡಲಿ? ಹೋಗಿ ಹೇಳಿದೆ.

"ನೀವೇ ಹೇಳಿದ್ದಲ್ವಾ ಅಕ್ಕಾ, ಅವರವರ ಕೈ ಅವರವರ ಕೂಲಿ ಅಂತ," ಎಂದರು. ನಗು ಹಾಗೇ ಇತ್ತು.

ಮೇಜಿಗೆ ಬಂದು ಪಟಾಕಿಗೆ ತುದಿ ಹಿಡಿ ಎಂದೆ. "ನನ್ನ ಕೆಂಪು ಕಮ್ಮಿ ಆಗುತ್ತೆ ಅಕ್ಕ, ಏನೂ ಅಂದ್ಕೋಬೇಡಿ," ಎಂದು ಗದ್ದದಡಿ ಬಟ್ಟೆ ಸಿಕ್ಕಿಸಿಕೊಂಡೇ ಹೇಳಿದಳು. ಉದ್ದಕ್ಕ ಕೇಳಿಸದ ಹಾಗೆ ಇನ್ನೊಂದು ಬಟ್ಟೆ ಎಳೆದುಕೊಂಡಳು. ಇವರಿಗೆ ಕೆಲಸ ಕಲಿಸಿದವಳು ನಾನು. ಮೂಲೆ ಹೇಗೆ ಹಿಡಿಯಬೇಕೆಂದು ಬೆರಳು ಹಿಡಿದು ತೋರಿಸಿದವಳು. ಉಪಕಾರ ಅನ್ನುವುದು ಗಾಳಿಗೆ ಹೋಯಿತು.

ಮಾರ್ಚ್ 20, ಗುರುವಾರ

ಎಡಭುಜ. ಒಬ್ಬಳೇ ಒದರಿ ಒದರಿ ಆಗಿದ್ದು. ಯಾರಿಗೂ ಹೇಳಿಲ್ಲ.

ಮಾರ್ಚ್ 26, ಬುಧವಾರ

ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಇವತ್ತು ಒಂದು ಹಾಸಿಗೆ ಬಟ್ಟೆ ಕೈತಪ್ಪಿ ಪೂರ್ತಿ ಕೆಳಗೆ ಬಿತ್ತು. ಬಗ್ಗಿ ಎತ್ತುವಾಗ ಎದುರಿನ ತುದಿ ತಾನಾಗಿ ಮೇಲೆ ಬಂತು. ನೋಡಿದರೆ ತಮ್ಮನ ಹೆಂಡತಿ ಹಿಡಿದಿದ್ದಾಳೆ.

"ನಿನ್ನ ಕರೆದವರು ಯಾರು?"

"ನನಗೇನೂ ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂದಿಲ್ಲ ಅತ್ತಿಗೆ. ಒಬ್ಬಳೇ ಮಾಡಿದ್ರೆ ನನಗೂ ಸೊಂಟ ಬಿದ್ದು ಹೋಗ್ತಿದೆ. ಒಂದಕ್ಕೆ ನಿಮ್ಮ ನೀಲಿ, ಒಂದಕ್ಕೆ ನನ್ನ ಹಳದಿ. ಬೇಕಾದ್ರೆ ಹಿಡೀರಿ, ಬೇಡ ಅಂದ್ರೆ ಬಿಡಿ."

ವ್ಯವಹಾರ ಎಂದರೆ ವ್ಯವಹಾರ. ಹಿಡಿದೆ. ಸಂಜೆವರೆಗೆ ಅವಳಾಗಲಿ ನಾನಾಗಲಿ ತುಟಿ ಬಿಚ್ಚಲಿಲ್ಲ. ಮಾತು ಬಿಟ್ಟವರು ಮುಖ ನೋಡದೆ ಬದುಕಬಹುದು, ಈ ಕೆಲಸದಲ್ಲಿ ಅದು ಸಾಧ್ಯವಿಲ್ಲ. ಅವಳು ನಡೆದು ಬಂದು ಮೂಲೆ ಕೊಡುವಾಗ ಪ್ರತಿಸಲವೂ ಅವಳ ಬೆರಳು ನನ್ನ ಬೆರಳಿಗೆ ತಾಗುತ್ತದೆ. ಅವಳ ಕೈ ನನ್ನದಕ್ಕಿಂತ ಒರಟು. ಇದನ್ನು ಇಷ್ಟು ದಿನ ಗಮನಿಸಿರಲಿಲ್ಲ, ಗಮನಿಸುವ ಅಗತ್ಯವೂ ಇಲ್ಲ.

ನಾನೇ ನಿಂತೆ, ಅವಳು ನಡೆದಳು. ಭುಜದ ಮಾತು ಅವಳಿಗೆ ಹೇಳುವುದುಂಟೆ? ಹೇಳಿದರೆ ನಾಳೆಯೇ ಊರೆಲ್ಲ ಉಪ್ಪುಖಾರ ಹಚ್ಚಿಕೊಂಡು ತಿರುಗುತ್ತದೆ.

ಏಪ್ರಿಲ್ 1, ಮಂಗಳವಾರ

ತಮ್ಮ ಬಂದಿದ್ದ. ಅವನ ಮನೆಯಿಂದ ನನ್ನ ಮನೆಗೆ ನಡುವೆ ಇರುವುದು ಎರಡೇ ಮನೆ, ಆದರೂ ಬಂದು ಕೂತವನು ಬೆವರಿದ್ದ. ಕೈಯಲ್ಲಿ ಒಂದು ನೋವಿನ ಮುಲಾಮು.

"ಇದನ್ನ ಹಚ್ಕೋ. ನನಗೆ ಸರ್ಕಾರದ್ದು ಇನ್ನೊಂದು ಬರುತ್ತೆ."

"ನನ್ನ ಭುಜದ ಸುದ್ದಿ ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಿನ್ನ ಕೈ ಇಳೀತಿದೆ ಅಂತ ಅವಳು ಅಂದ್ಲು, ಅಷ್ಟೇ."

ಅಂದರೆ ಅವಳು ನೋಡಿದ್ದಾಳೆ. ನೋಡಿಯೂ ಬಾಯಿ ಬಿಟ್ಟಿಲ್ಲ. ನನ್ನನ್ನು ಹಂಗಿನಲ್ಲಿ ಇಟ್ಟುಕೊಳ್ಳುವ ಉಪಾಯ ಇರಬೇಕು. ಸರ್ಕಾರದ ಮುಲಾಮು ನನಗೆ ಬೇಡ ಎಂದೆ. ಅವನು ಗೋಡೆ ನೋಡಿದ. ನಿನ್ನ ಗೋಡೆಯ ಬಣ್ಣ ಎದ್ದಿದೆ, ನಾನು ಬಳಿದು ಎಷ್ಟು ವರ್ಷ ಆಯ್ತು, ಎಂದ. ಆಮೇಲೆ ಏಳಲು ಕುರ್ಚಿಯ ಎರಡೂ ಕೈ ಹಿಡಿದು ಒಂದು ಸಲ ಪ್ರಯತ್ನ ಮಾಡಿದ, ಆಗಲಿಲ್ಲ. ನನ್ನ ಕಡೆ ನೋಡದೆ ಇನ್ನೊಂದು ಸಲ ಮಾಡಿದ. ನಾಟಕ ಮಾಡುವವರು ನಾವು ನೋಡುತ್ತಿದ್ದೇವೆಯೇ ಎಂದು ನೋಡುತ್ತಾರೆ. ಇವನು ನೋಡಲಿಲ್ಲ.

ಮುಲಾಮು ಕಿಟಕಿಯ ಮೇಲೆ ಬಿಟ್ಟು ಹೋಗಿದ್ದಾನೆ. ಸುಮ್ಮನೆ ಹಾಳಾಗುವುದೇಕೆ ಎಂದು ಸ್ವಲ್ಪ ಹಚ್ಚಿದೆ.

ಏಪ್ರಿಲ್ 4, ಶುಕ್ರವಾರ

ಕೆಲಸ ಹೋಯಿತು. ಹೇಗೆ ಹೋಯಿತೆಂದು ಸರಿಯಾಗಿ ಬರೆದಿಡುತ್ತೇನೆ, ನಾಳೆ ನಾನೇ ನನಗೆ ಬೇರೆ ಕಥೆ ಹೇಳಿಕೊಳ್ಳಬಾರದು.

ಬೆಳಿಗ್ಗೆ ಆಸ್ಪತ್ರೆಯವರು ಕೊಳೆಯಾದ ಬಟ್ಟೆಗಳನ್ನು ಆರಿಸಿ ಒಂದು ಗಾಡಿ ಹಿಂದಕ್ಕೆ ಕಳಿಸಿದರು. ಅಂಚುಗಳಲ್ಲಿ ನೆಲದ ಕಪ್ಪು. ಸಣ್ಣ ಯಜಮಾನರು ಒಂದೊಂದನ್ನೇ ತಮ್ಮ ಮೇಜಿನ ಮೇಲೆ ಬಿಚ್ಚಿದರು. ಒಳಗೆ ಒಂದು ನೀಲಿ, ಒಂದು ಹಳದಿ, ಮತ್ತೆ ನೀಲಿ, ಮತ್ತೆ ಹಳದಿ. ಕೆಂಪು, ಹಸಿರು ಒಂದೂ ಇರಲಿಲ್ಲ. ನನ್ನನ್ನು ಒಬ್ಬಳನ್ನೇ ಕರೆದು ಬಾಗಿಲು ಮುಚ್ಚಿದರು.

"ನಿಮ್ಮಿಬ್ಬರಲ್ಲಿ ಯಾರೋ ಅಂಚು ಬಿಟ್ಟಿದ್ದಾರೆ ಅಕ್ಕಾ. ಆಸ್ಪತ್ರೆಯವರಿಗೆ ನಾನು ಒಂದು ಹೆಸರು ಕೊಡಬೇಕು, ಒಬ್ಬರನ್ನ ಕಳಿಸಬೇಕು. ನನಗೆ ಗೊತ್ತು ಯಾರು ಅಂತ. ವಾರಕ್ಕೆ ಒಂದು ದಿನ ಕಮ್ಮಿ ಹಾಕಿ ಅಂತ ಕೇಳೋರಿಗೆ ಕೆಲಸದ ಮೇಲೆ ಏನು ಗಮನ ಇರುತ್ತೆ? ಹೋದ್ರೂ ಅವಳಿಗೇನೂ ತೊಂದರೆ ಇಲ್ಲ, ಸರ್ಕಾರ ಸಾಕುತ್ತೆ. ನೀವೇ ಹೇಳ್ತಿದ್ರಲ್ಲ."

ಹೌದು, ಹೇಳಿದ್ದೆ. ಇದೇ ಕೋಣೆಯಲ್ಲಿ, ಇದೇ ಮಾತು. ಹೂಂ ಅಂದರೆ ಸಾಕಿತ್ತು. ಬಾಯಿ ಕೂಡ ತೆರೆಯಬೇಕಿರಲಿಲ್ಲ, ತಲೆ ಆಡಿಸಿದ್ದರೆ ಆಗುತ್ತಿತ್ತು.

"ನಿಂತಿದ್ದವಳು ನಾನು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಲಾಂಡ್ರಿ ಅವರದು, ಮಡಿಸುವುದು ಹೇಗೆಂದು ನೋಡಿದವರಲ್ಲ. ನಿಂತವಳ ಕೈ ಇಳಿದರೆ ಮಾತ್ರ ಅಂಚು ನೆಲಕ್ಕೆ ತಾಗುತ್ತದೆ, ನಡೆಯುವವಳದು ಅದರಲ್ಲಿ ಏನೂ ಇಲ್ಲ ಎಂದು ಬಿಡಿಸಿ ಹೇಳಬೇಕಾಯಿತು. ಎಡಗೈ ಎತ್ತಿ ತೋರಿಸಿದೆ. ಭುಜದ ಮಟ್ಟಕ್ಕೆ ಬಂದು ನಿಂತಿತು.

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಕ್ಕಾ?" ಎಂದರು. ಬಹಳ ಮರುಕದಿಂದಲೇ ಕೇಳಿದರು. ಅದೇ ಮರುಕದಿಂದ, ಸೋಮವಾರದಿಂದ ಬರಬೇಡಿ ಎಂದರು.

ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ನಾನು ಅವಳಿಗಾಗಿ ಹೇಳಲಿಲ್ಲ. ಸುಳ್ಳು ಹೇಳಿ ಉಳಿಸಿಕೊಂಡ ಕೆಲಸ ದುಡಿದದ್ದಲ್ಲ, ಬೇಡಿದ್ದು. ಅಷ್ಟೇ ಕಾರಣ. ಅವಳಿಗಾಗಿ ಅಲ್ಲ.

ಏಪ್ರಿಲ್ 5, ಶನಿವಾರ

ತಮ್ಮನ ಹೆಂಡತಿ ಬಾಗಿಲು ಬಡಿಯಲಿಲ್ಲ, ನೂಕಿಕೊಂಡೇ ಬಂದಳು. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ.

"ಯಾರು ಕೇಳಿದ್ರು ನಿಮ್ಮನ್ನ? ಯಾರು ಕೇಳಿದ್ರು ಅಂತೀನಿ. ಇನ್ನು ಜೀವಮಾನ ಪೂರ್ತಿ ನಿನ್ನ ಕೆಲಸ ಉಳಿಸಿದೆ ಅಂತ ಆಡ್ಕೊಳ್ಳೋಕಾ?"

"ನಿನ್ನ ಕೆಲಸ ಉಳಿಸೋಕೆ ನನಗೇನು ಗ್ರಹಚಾರ. ಇದ್ದದ್ದು ಇದ್ದ ಹಾಗೆ ಹೇಳಿದೆ."

"ಭುಜ ಆಗಲ್ಲ ಅಂತ ಒಂದು ಮಾತು ಅಂದಿದ್ರೆ ನಾನೇ ನಿಲ್ತಿದ್ದೆ. ನೀವು ನಡೀಬಹುದಿತ್ತು. ಗಾಡಿ ವಾಪಸ್ ಬರ್ತಿರಲಿಲ್ಲ, ಇಬ್ಬರೂ ಇರ್ತಿದ್ವಿ. ನಿಮಗೆ ನಡೆದು ಬರೋಕೆ ಅವಮಾನ."

"ಕೈ ಇಳೀತಿದೆ ಅಂತ ನೋಡಿದ್ಯಲ್ಲ, ನೀನು ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ಹೇಳಿದ್ರೆ ನೀವು ಕೇಳ್ತಿದ್ರಾ?"

ನಾನು ಇನ್ನೂ ಜೋರಾಗಿ ಬೈದೆ. ಅವಳೂ ಬೈದಳು. ನಾನು ಸತ್ತ ಗಂಡನ ಹೆಸರು ಹೇಳಿಕೊಂಡು ಮೆರೆಯುತ್ತೇನಂತೆ. ಏಣಿಯಿಂದ ಬಿದ್ದ ತಮ್ಮನನ್ನು ಒಮ್ಮೆಯಾದರೂ ನೋವಿದೆಯಾ ಎಂದು ಕೇಳಿಲ್ಲವಂತೆ. ಬೈಯುತ್ತಲೇ ನನ್ನ ಕೈಯಲ್ಲಿದ್ದ ಹೊದಿಕೆಯ ಎರಡು ಮೂಲೆ ಕಿತ್ತುಕೊಂಡು ದೂರ ಹೋಗಿ ನಿಂತಳು. ಕೈ ಮೇಲೆತ್ತಿ ಕಾದಳು. ಆಮೇಲೆ ನಡೆದು ಹೋಗಿ ನನ್ನ ಮೂಲೆಗಳನ್ನು ಅವಳ ಕೈಗೆ ಕೊಟ್ಟೆ. ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಂಡೆ. ನಡೆಯುವ ಕಡೆಗೆ ಭುಜದ ಕೆಲಸವೇ ಇಲ್ಲ, ನಿಜ.

ಇದ್ದ ಬಟ್ಟೆಯೆಲ್ಲ ಮುಗಿಯುವವರೆಗೂ ಜಗಳ ನಡೆಯಿತು.

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು: "ಕೆಲಸದಲ್ಲಿ ಆದ ಗಾಯಕ್ಕೆ ಸಹಾಯ ಕಚೇರಿಯಲ್ಲಿ ಕೊಡ್ತಾರೆ. ಎರಡು ಕೌಂಟರ್ ಇದೆ. ಎರಡನೇದಕ್ಕೆ ಹೋಗಬೇಡಿ. ಅಲ್ಲಿರೋಳು ನಿಮ್ಮ ಥರದವಳು."

ಏಪ್ರಿಲ್ 8, ಮಂಗಳವಾರ

ಅವಳು ಬೇಡ ಎಂದಳೆಂದೇ ಎರಡನೆಯದಕ್ಕೆ ಹೋದೆ. ಅಲ್ಲಿ ಸಾಲೇ ಇರಲಿಲ್ಲ.

ಗಾಜಿನ ಹಿಂದೆ ನನ್ನ ವಯಸ್ಸಿನ ಹೆಂಗಸು. ತಲೆಗೂದಲು ಒಂದೂ ಅತ್ತಿತ್ತ ಇಲ್ಲ, ಮೇಜಿನ ಮೇಲೆ ಎಲ್ಲವೂ ಅಂಚಿಗೆ ಅಂಚು ಕೂಡಿಸಿ ಇಟ್ಟದ್ದು. ನೋಡಿದ ಕೂಡಲೇ ಮೆಚ್ಚುಗೆಯಾಯಿತು. ಇವಳು ನ್ಯಾಯ ಮಾಡುತ್ತಾಳೆ ಎನಿಸಿತು. ಭುಜದ ಸಂಗತಿ ಹೇಳಿದೆ, ಇಪ್ಪತ್ತೆರಡು ವರ್ಷದ ದುಡಿಮೆ ಹೇಳಿದೆ, ಈವರೆಗೆ ಯಾರ ಮುಂದೆಯೂ ಕೈ ಚಾಚಿದವಳಲ್ಲ ಎಂದೂ ಹೇಳಿದೆ.

"ಎಲ್ಲರೂ ಹಾಗೇ ಹೇಳೋದು," ಎಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೈಕಾಲು ಗಟ್ಟಿಯಾಗಿದೆಯಲ್ಲಮ್ಮ. ಕೂತು ತಿನ್ನೋಕೆ ಕಲಿತರೆ ಅದೇ ಅಭ್ಯಾಸ ಆಗಿಬಿಡುತ್ತೆ."

ಕೈ ಎತ್ತಿ ತೋರಿಸಿದೆ. ಇನ್ನೂ ಮೇಲೆ, ಎಂದಳು. ಆಗುವುದಿಲ್ಲ ಎಂದೆ. ಪ್ರಯತ್ನ ಮಾಡಿ, ಎಂದಳು. ಕಣ್ಣಲ್ಲಿ ನೀರು ಬರುವವರೆಗೆ ಮಾಡಿದೆ. ಅವಳು ನೋಡಿದ್ದು ಕೈಯನ್ನಲ್ಲ, ನಾನು ನಾಟಕ ಮಾಡುತ್ತಿದ್ದೇನೆಯೇ ಎಂದು ನನ್ನ ಮುಖವನ್ನು. ನಾನು ಅವಳ ಕಡೆ ನೋಡಲಿಲ್ಲ. ಮತ್ತೆ ಬನ್ನಿ ಎಂದು ಕಳಿಸಿದಳು.

ದಾರಿಯಲ್ಲಿ ಬರುವಾಗ ಅವಳಿಗೆ ಏನೇನು ಹೇಳಬಹುದಿತ್ತೆಂದು ಒಂದೊಂದೇ ಹೊಳೆಯಿತು. ಜನ ಬಾಗಿಲಿಗೆ ಬರುವ ಹೊತ್ತಿಗೆ ಎಷ್ಟು ದಿನ ನುಂಗಿಕೊಂಡಿರುತ್ತಾರೆಂದು ನಿನಗೇನು ಗೊತ್ತು ಎಂದು ಕೇಳಬೇಕಿತ್ತು. ಆ ಹೆಂಗಸು ನನಗೆ ಹಿಡಿಸಲೇ ಇಲ್ಲ.

ತಮ್ಮನ ಮನೆಗೆ ಹೋಗಿ ಬಂದೆ. ಖಾಲಿಯಾದ ಮುಲಾಮಿನ ಡಬ್ಬಿ ಕೊಡುವುದಿತ್ತು. ನೋವಿದೆಯಾ ಎಂದು ಕೇಳಿದೆ. ಬೆಳಿಗ್ಗೆ ಹೊತ್ತು ಜಾಸ್ತಿ, ಎಂದ.

ಏಪ್ರಿಲ್ 10, ಗುರುವಾರ

ಮೊದಲನೇ ಕೌಂಟರಿಗೆ ಹೋದೆ. ಸಾಲು ಬಾಗಿಲು ದಾಟಿ ಹೊರಗಿತ್ತು, ನಿಂತೆ. ನನ್ನ ಹಿಂದೆ ಕಾಲಿಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು. ಮೊದಲ ಸಲ ಬಂದವಳೆಂದು ಕಣ್ಣು ನೆಲದ ಮೇಲಿಟ್ಟಿದ್ದರಲ್ಲೇ ತಿಳಿಯುತ್ತಿತ್ತು. ಅವಳು ಮೆಲ್ಲಗೆ ಕೇಳಿದಳು:

"ಅಕ್ಕಾ, ಎರಡನೇದು ಖಾಲಿ ಇದೆಯಲ್ಲ, ಯಾಕೆ ಯಾರೂ ಹೋಗ್ತಿಲ್ಲ?"

"ಹೋಗಬೇಡ," ಎಂದೆ. "ಅಲ್ಲಿರೋಳು ನನ್ನ ಥರದವಳು."